ಅರ್ಧಕ್ಕೆ ನಿಂತ ಕತೆ

ಕಳೆದ ವಾರ ಒಬ್ಬ ಅಜ್ಜಿಯಿಂದ ಕಾಗದ ಬಂತು. ದುಂಡನೆಯ, ಹಳೆಯ ಕಾಲದ ಅಕ್ಷರ. ಒಂದು ಒತ್ತೂ ತಪ್ಪಿಲ್ಲ. "ಮೇಷ್ಟ್ರೇ, ನನ್ನ ಮೊಮ್ಮಗ ಐದನೇ ಕ್ಲಾಸು. ಯಾವಾಗ ನೋಡಿದರೂ ಕಾಮಿಕ್ಸ್ ಹಿಡಿದು ಕೂತಿರುತ್ತಾನೆ. ಒಳ್ಳೆಯ ಕತೆ ಪುಸ್ತಕ ತಂದುಕೊಟ್ಟರೆ ಮುಟ್ಟಿಯೂ ನೋಡುವುದಿಲ್ಲ. ನೀವು ಇಷ್ಟು ವರ್ಷ ಪಾಠ ಹೇಳಿದವರು. ಈ ಹುಚ್ಚು ಬಿಡಿಸುವುದು ಹೇಗೆ, ಬರೆಯಿರಿ" ಎಂದು ಕೇಳಿದ್ದಾರೆ.

ಅಮ್ಮಾ, ಕೇಳಬಾರದವನನ್ನೇ ಕೇಳಿದ್ದೀರಿ. ನಿಮ್ಮ ಕಾಗದ ಕೈಗೆ ಬಂದಾಗ ನಾನು ಜಗಲಿಯ ಮೇಲೆ ಕೂತು ಟಿನ್‌ಟಿನ್ ಓದುತ್ತಿದ್ದೆ. ದಿಲ್ಲಿಯ ಬೀದಿಯಲ್ಲಿ ಕ್ಯಾಪ್ಟನ್ ಹ್ಯಾಡಕ್‌ನನ್ನು ಒಂದು ಹಸು ಹೊತ್ತುಕೊಂಡು ಓಡುವ ಪುಟ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆದರೂ ನಗು ಬಂತು. ನನಗೆ ಅರವತ್ತು ದಾಟಿದೆ. ಹುಚ್ಚು ನನ್ನನ್ನೇ ಬಿಟ್ಟಿಲ್ಲ.

ಇದು ನನಗೆ ಹಿಡಿದದ್ದು ನಮ್ಮೂರಿನ ಕ್ಷೌರದ ಅಂಗಡಿಯಲ್ಲಿ. ಅಲ್ಲಿ ಕಾಯುವವರಿಗೆಂದು ಹಾಕಿದ್ದ ಬೆಂಚಿನ ಮೂಲೆಯಲ್ಲಿ ಮೂರೋ ನಾಲ್ಕೋ ಇಂದ್ರಜಾಲ ಕಾಮಿಕ್ಸ್ ಇದ್ದವು. ರೈಲಿನಲ್ಲಿ ಯಾರೋ ಬಿಟ್ಟುಹೋದವು ಇರಬೇಕು. ಎಲ್ಲ ಇಂಗ್ಲಿಷು. ನನಗೆ ಇಂಗ್ಲಿಷಿನಲ್ಲಿ ಎ ಬಿ ಸಿ ಡಿ ಆಚೆಗೆ ಏನೂ ಬಾರದು. ಆದರೆ ಮುಖವಾಡ ಹಾಕಿಕೊಂಡ ಫ್ಯಾಂಟಮ್, ಅವನ ಬಿಳಿ ಕುದುರೆ ಹೀರೋ, ಜೊತೆಗೆ ಡೆವಿಲ್ (ಮಕ್ಕಳೇ, ಅದು ನಾಯಿಯಲ್ಲ, ತೋಳ), ಅವನ ಗುದ್ದು ತಿಂದವರ ದವಡೆಯ ಮೇಲೆ ಮೂಡುವ ತಲೆಬುರುಡೆಯ ಗುರುತು, ಇವಕ್ಕೆಲ್ಲ ಇಂಗ್ಲಿಷು ಯಾಕೆ ಬೇಕು? ಬಾಯಿಂದ ಹೊರಟ ಮಾತಿನ ಗುಳ್ಳೆಯೊಳಗೆ ಏನು ಬರೆದಿತ್ತೋ ದೇವರೇ ಬಲ್ಲ. ನಾನು ನನಗೆ ಬೇಕಾದ ಮಾತು ತುಂಬಿಕೊಳ್ಳುತ್ತಿದ್ದೆ. ನನ್ನ ಫ್ಯಾಂಟಮ್ ಅಚ್ಚ ಕನ್ನಡದಲ್ಲಿ, ನಮ್ಮ ಹಾಸನದ ಕಡೆಯ ಕನ್ನಡದಲ್ಲಿ, ಕಳ್ಳರನ್ನು ಬೈಯುತ್ತಿದ್ದ. ನನ್ನ ಸರದಿ ಬಂದರೆ "ಅವ್ರು ಮೊದ್ಲು ಕೂತ್ಕೊಳ್ಳಲಿ" ಎಂದು ಪಕ್ಕದವರಿಗೆ ಬಿಟ್ಟುಕೊಡುತ್ತಿದ್ದೆ. ಬಹಳ ವಿನಯವಂತ ಹುಡುಗ ಎಂದು ಊರಲ್ಲಿ ಹೆಸರು ಬಂತು.

ಆಮೇಲೆ ಅಮರ ಚಿತ್ರ ಕಥೆ ಸಿಕ್ಕಿತು. ಅಜ್ಜ ಅಜ್ಜಿಯರೇ, ಇದರ ಬೇರು ನಮ್ಮಲ್ಲೇ ಇದೆ. ಈ ಮಾಲೆ ಮೊದಲು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಸಿಂಡರೆಲ್ಲಾ, ಪಿನೋಕಿಯೋ ಮುಂತಾದ ಹೊರದೇಶದ ಕತೆಗಳು ಕನ್ನಡದ ಮಾತಿನ ಗುಳ್ಳೆಗಳೊಂದಿಗೆ ಅಚ್ಚಾದವು. ಅವು ಹತ್ತು. ಆದ್ದರಿಂದಲೇ ಅನಂತ ಪೈ ಅವರು ತಂದ 'ಕೃಷ್ಣ' ಪುಸ್ತಕದ ಸಂಖ್ಯೆ ಒಂದಲ್ಲ, ಹನ್ನೊಂದು. ಪೈ ಅವರು ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಎರಡು ವರ್ಷ ತುಂಬುವಷ್ಟರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು. ದಿಲ್ಲಿಯ ದೂರದರ್ಶನದ ಒಂದು ಕ್ವಿಜ್‌ನಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಹೇಳಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ತಡವರಿಸಿದ್ದನ್ನು ನೋಡಿ ಈ ಕೆಲಸಕ್ಕೆ ಇಳಿದೆ ಎಂದು ಅವರೇ ಹೇಳಿಕೊಂಡಿದ್ದರು. ಅದಕ್ಕೂ ಮೊದಲು ಅವರು ಎಲ್ಲಿದ್ದರು ಗೊತ್ತೇ? ನನ್ನ ಕ್ಷೌರದ ಅಂಗಡಿಯ ಫ್ಯಾಂಟಮ್‌ನನ್ನು ಅಚ್ಚು ಹಾಕುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ನಲ್ಲೇ.

ಕಾಮಿಕ್ಸ್ ಕಂಡರೆ ಹಿರಿಯರಿಗೆ ಆಗದಿರುವುದು ಹೊಸದೇನಲ್ಲ. ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಕೆಲವು ಊರುಗಳಲ್ಲಿ ಮಕ್ಕಳ ಕೈಯಿಂದಲೇ ಕಾಮಿಕ್ಸ್ ರಾಶಿ ಹಾಕಿಸಿ ಬೆಂಕಿ ಇಡಿಸಿದರು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆಂದು ಪುಸ್ತಕವನ್ನೇ ಬರೆದರು. ಅದೇ ವರ್ಷ ಅಲ್ಲಿನ ಸೆನೆಟ್ ಇದರ ವಿಚಾರಣೆಯನ್ನೂ ನಡೆಸಿತು. ಅರ್ಧ ಶತಮಾನ ಕಳೆದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ವರ್ಥಮ್ ಬಿಟ್ಟುಹೋದ ಕಾಗದಪತ್ರಗಳನ್ನು ಕೂತು ಓದಿದರು. ಮಕ್ಕಳು ಹೇಳಿದ್ದನ್ನು ಅವರು ಹಲವು ಕಡೆ ತಮಗೆ ಬೇಕಾದಂತೆ ತಿದ್ದಿದ್ದರೆಂದು ತೋರಿಸಿಕೊಟ್ಟರು.

ನಮ್ಮ ಕಡೆ ಯಾರೂ ಸುಟ್ಟದ್ದನ್ನು ನಾನು ಕಂಡಿಲ್ಲ. ಕಿತ್ತುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಅಜ್ಜಿಯ ಕಾಗದ ಓದಿದಾಗಿನಿಂದ ಅದೇ ನೆನಪು.

ತೊಂಬತ್ತರ ದಶಕ. ಅರಸೀಕೆರೆ ತಾಲ್ಲೂಕಿನ ಒಂದು ಶಾಲೆ. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ. ಹೆಸರು ಹೇಳುವುದಿಲ್ಲ. ಈಗ ಅವನಿಗೂ ಮಕ್ಕಳಿದ್ದಾರೆ, ಈ ಪತ್ರಿಕೆ ಅವರ ಮನೆಗೂ ಹೋಗುತ್ತಿರಬಹುದು. ಅವನಿಗೆ ಬಿಡಿ ಅಕ್ಷರ ಗೊತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಎದ್ದು ನಿಲ್ಲಿಸಿ ಓದು ಎಂದರೆ ಪುಸ್ತಕವನ್ನು ಮುಖಕ್ಕೆ ಹಿಡಿದು ಸುಮ್ಮನೆ ನಿಲ್ಲುವನು. ಒಂದೆರಡು ತಿಂಗಳು ಪ್ರಯತ್ನ ಪಟ್ಟೆ. ಆಮೇಲೆ ಕೈಬಿಟ್ಟೆ. ಅವನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವುದು ಅವನಿಗೂ ನನಗೂ ಒಗ್ಗಿಹೋಯಿತು.

ಒಂದು ದಿನ ಪಾಠದ ನಡುವೆ ನೋಡುತ್ತೇನೆ, ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡು ಬಗ್ಗಿದ್ದಾನೆ. ಹೋಗಿ ಕಿತ್ತುಕೊಂಡೆ. ಮಹಾಭಾರತದ ಚಿತ್ರಕತೆ. ರಟ್ಟು ಹೋಗಿತ್ತು, ಯಾರು ಅಚ್ಚು ಹಾಕಿದ್ದೆಂದು ತಿಳಿಯುವಂತಿರಲಿಲ್ಲ. "ಓದೋಕೆ ಬರಲ್ಲ, ಇದ್ಯಾಕೋ ನಿನಗೆ?" ಎಂದೆ. ಕ್ಲಾಸೆಲ್ಲ ನಕ್ಕಿತು. ನಗಲಿ ಎಂದೇ ನಾನು ಹೇಳಿದ್ದೆನೇನೋ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮನೆಗೆ ಹೋಗಿ ಊಟ ಮಾಡಿ, ನನ್ನ ಟ್ರಂಕಿನಿಂದ ಒಂದು ಕಾಮಿಕ್ಸ್ ತೆಗೆದು ಓದುತ್ತಾ ಮಲಗಿದೆ. ಇದು ಸುಳ್ಳಲ್ಲ. ಎರಡಕ್ಕೂ ಇರುವ ಸಂಬಂಧ ಆ ರಾತ್ರಿ ನನಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆಯ ತರಗತಿ ಮುಗಿದು ಮಕ್ಕಳು ಹೊರಟಿದ್ದರು. ಬಾಗಿಲಲ್ಲಿ ಒಬ್ಬ ಮುದುಕ. ತಲೆಗೆ ಟವೆಲ್ಲು ಸುತ್ತಿ, ಕೈಯಲ್ಲಿ ಕುರಿ ಕಾಯುವ ಕೋಲು. ಪಕ್ಕದಲ್ಲಿ ಆ ಹುಡುಗ, ನೆಲ ನೋಡುತ್ತಾ.

"ಮೇಷ್ಟ್ರೇ, ಆ ಬುಕ್ಕ ಕೊಟ್ಬುಡಿ. ಕತೆ ಅರ್ಧಕ್ಕೇ ನಿಂತೋಗದೆ."

"ಯಾವ ಕತೆ ತಾತ?"

"ಅಭಿಮನ್ಯುಂದು. ದಿನಾ ಉಂಡ್ಮೇಲೆ ಇವ್ನು ಓದಿ ಹೇಳ್ತಾನೆ, ನಾನು ಕೇಳ್ತೀನಿ. ನಂಗೆ ಅಕ್ಷರ ಬರಕ್ಕಿಲ್ಲ, ಕಣ್ಣೂ ಮಂಜಾಗವೆ."

ಓದಿ ಹೇಳುತ್ತಾನೆ! ಇವನು! ನಾನು ಹುಡುಗನ ಕಡೆ ನೋಡಿದೆ. ಅವನು ತಲೆ ಎತ್ತಲಿಲ್ಲ. ಆದರೆ ಅವನ ಕಾಲಿನ ಹೆಬ್ಬೆರಳು ನೆಲದ ಸಿಮೆಂಟನ್ನು ಒತ್ತಿ ಒತ್ತಿ ಬೆಳ್ಳಗಾಗಿತ್ತು.

ಮಾತು ತಪ್ಪಿಸಲು ಕೇಳಿದೆ, "ಅಭಿಮನ್ಯು ಕತೆ ನಿಮಗೆ ಗೊತ್ತಿರಬೇಕಲ್ಲ ತಾತ?"

"ಗೊತ್ತಿಲ್ದೆ ಏನು? ಕುರುಕ್ಷೇತ್ರ ನಾಟಕದಾಗೆ ಮೂರು ವರ್ಸ ದುಶ್ಯಾಸನನ ಪಾರ್ಟು ಮಾಡಿದೀನಿ. ಆ ಹುಡ್ಗ ಒಳಕ್ಕೆ ಓದ್ರೆ ಮುಗೀತು, ಆಚೆ ಬರಾಕಿಲ್ಲ. ಆದ್ರೆ ಇವ್ನ ಬುಕ್ಕಲ್ಲಿ ಬತ್ತನಂತೆ. ಎಂಗೆ ಬತ್ತನೆ ಅಂತ ಏಳೋ ಹೊತ್ಗೆ ನೀವು ಬುಕ್ಕ ಮಡಿಕ್ಕಂಡ್ರಿ."

"ಇವನಿಗೆ ಓದೋಕೇ ಬರಲ್ಲ ತಾತ" ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮೇಷ್ಟ್ರಾದವನು ಹೇಳಬೇಕಾದ ಮಾತೇ ಅದು. ಮನೆಯವರಿಗೆ ಗೊತ್ತಾಗಬೇಡವೇ? ಆದರೆ ಆ ಮುದುಕನ ಮುಖದಲ್ಲಿ ಮೊಮ್ಮಗನ ಬಗ್ಗೆ ಒಂದು ಹೆಮ್ಮೆಯಿತ್ತು. ಅದನ್ನು ಮುರಿಯುವ ಕೆಲಸ ನನ್ನಿಂದಾಗಲಿಲ್ಲ. ಬೀರು ತೆಗೆದೆ. ಪುಸ್ತಕ ಕೊಡುವ ಮುನ್ನ ಕೊನೆಯ ಪುಟ ತಿರುಗಿಸಿದೆ. ಕೊನೆಯ ಒಂದೆರಡು ಹಾಳೆಗಳೇ ಇರಲಿಲ್ಲ. ಅಭಿಮನ್ಯು ಚಕ್ರವ್ಯೂಹದ ನಡುವೆ, ಮುರಿದ ರಥದ ಗಾಲಿ ಎತ್ತಿಕೊಂಡು ನಿಂತಿದ್ದ. ಅಲ್ಲಿಗೆ ಪುಸ್ತಕ ಮುಗಿದಿತ್ತು.

ಸೋಮವಾರ ಹುಡುಗನನ್ನು ಒಬ್ಬನನ್ನೇ ಕರೆದೆ. "ಹೇಗೆ ಆಚೆ ಬರ್ತಾನೋ? ನನಗೂ ಹೇಳು" ಎಂದೆ. ಬೈಯುತ್ತೇನೆಂದು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಚೀಲದಿಂದ ಪುಸ್ತಕ ತೆಗೆದು ಅದೇ ಕೊನೆಯ ಚಿತ್ರ ತೋರಿಸಿದ. ಗಾಲಿ ಹಿಡಿದ ಅಭಿಮನ್ಯುವನ್ನಲ್ಲ. ಚಿತ್ರದ ಬಲಗಡೆ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಒಬ್ಬ ಸೈನಿಕನನ್ನು. "ಎಲ್ಲಾರೂ ಅಭಿಮನ್ಯು ಕಡೆ ಗುರಿ ಇಟ್ಟವ್ರೆ ಸಾ. ಇವ್ನು ಮಾತ್ರ ಕಣ್ಣು ಕೆಳಕ್ಕೆ ಹಾಕವ್ನೆ. ಇವ್ನಿಗೆ ಇಷ್ಟ ಇಲ್ಲ. ಇವ್ನು ದಾರಿ ಬಿಡ್ತಾನೆ."

ಬಗ್ಗಿ ನೋಡಿದೆ. ನಿಜ. ಆ ಸೈನಿಕನ ರೆಪ್ಪೆ ಕೆಳಗಿತ್ತು. ಚಿತ್ರ ಬರೆದ ಪುಣ್ಯಾತ್ಮ ಅದನ್ನು ಬೇಕೆಂದೇ ಬರೆದನೋ, ಕುಂಚ ಜಾರಿತೋ. ಮಾತಿನ ಗುಳ್ಳೆಗಳನ್ನು ಸರಸರ ಓದಿ ಪುಟ ತಿರುಗಿಸುವ ನನ್ನಂಥವನಿಗೆ ಅದು ನೂರು ಸಲಕ್ಕೂ ಕಾಣುತ್ತಿರಲಿಲ್ಲ.

ಇಲ್ಲೊಂದು ಮಾತು. ಕಾಮಿಕ್ಸ್‌ನಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಖಾಲಿ ಬಿಳಿ ಪಟ್ಟಿ ಇರುತ್ತದಲ್ಲ, ಅದಕ್ಕೆ ಇಂಗ್ಲಿಷಿನವರು ಗಟರ್ ಎನ್ನುತ್ತಾರೆ. ಗಟರ್ ಎಂದರೆ ಚರಂಡಿ! ಹೆಸರು ಇನ್ನೂ ಸ್ವಲ್ಪ ಚೆನ್ನಾಗಿಡಬಹುದಿತ್ತು. ಸ್ಕಾಟ್ ಮೆಕ್‌ಕ್ಲೌಡ್ ಎಂಬ ಚಿತ್ರಕಾರ 1993ರಲ್ಲಿ ಕಾಮಿಕ್ಸ್ ಕುರಿತು ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಬರೆದರು. ಕತೆ ನಡೆಯುವುದು ಚೌಕದೊಳಗಲ್ಲ, ಆ ಬಿಳಿ ಪಟ್ಟಿಯಲ್ಲಿ ಎಂಬುದು ಅವರ ವಾದ. ಮಕ್ಕಳೇ, ಹೀಗೆ ಯೋಚಿಸಿ. ಮೊದಲ ಚೌಕದಲ್ಲಿ ಒಬ್ಬ ಹುಡುಗ ಮಾವಿನಕಾಯಿಗೆ ಗುರಿಯಿಟ್ಟು ಕಲ್ಲು ಎತ್ತಿದ್ದಾನೆ. ಎರಡನೆಯ ಚೌಕದಲ್ಲಿ ಪಕ್ಕದ ಮನೆಯ ಹೆಂಚು ಒಡೆದಿದೆ, ಹುಡುಗ ಓಡುತ್ತಿದ್ದಾನೆ. ಕಲ್ಲು ಹಾರಿದ್ದನ್ನು ಚಿತ್ರಕಾರ ಬರೆದೇ ಇಲ್ಲ. ಹಾಗಾದರೆ ಹೆಂಚು ಒಡೆದವರು ಯಾರು? ನೀವೇ! ಚಿತ್ರ ನೋಡುವುದು ಸೋಮಾರಿಗಳ ಓದು ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ. ನನ್ನ ಹಿಂದಿನ ಸಾಲಿನ ಹುಡುಗ ಎರಡು ಚೌಕದ ನಡುವಿನದಷ್ಟೇ ಅಲ್ಲ, ಹರಿದುಹೋದ ಪುಟಗಳನ್ನೂ ದಿನಾ ರಾತ್ರಿ ತಾನೇ ತುಂಬುತ್ತಿದ್ದ.

ಅದಾದ ಮೇಲೆ ನನ್ನ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿ ಶಾಲೆಗೆ ತಂದೆ. ಶನಿವಾರದ ಕೊನೆಯ ಪಿರಿಯಡ್ಡು ಕಾಮಿಕ್ಸ್‌ಗೆ. ಸಹೋದ್ಯೋಗಿಗಳು ನಕ್ಕರು. "ಮೇಷ್ಟ್ರಿಗೆ ಎರಡನೇ ಬಾಲ್ಯ" ಎಂದರು. ಎರಡನೆಯದೇನು, ಮೊದಲನೆಯದೇ ಇನ್ನೂ ಮುಗಿದಿರಲಿಲ್ಲ.

ಎಲ್ಲವೂ ನಾನು ಅಂದುಕೊಂಡಂತೆ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಶನಿವಾರ ಮುಂದಿನ ಸಾಲಿನ ಹುಡುಗಿಯೊಬ್ಬಳು ನಾಲ್ಕೈದು ಪುಸ್ತಕ ಎದುರಿಗೆ ಹರವಿಕೊಂಡು ಕೇಳಿದಳು, "ಸಾರ್, ರಾಕ್ಷಸರೆಲ್ಲ ಯಾಕೆ ಕಪ್ಪಗಿರ್ತಾರೆ?" ಅವಳೂ ಕಪ್ಪಗೇ ಇದ್ದಳು. ನಾನು ಏನೋ ತೇಲಿಸಿ ಹೇಳಿದೆ. ಅವಳು ಬಿಡಲಿಲ್ಲ. "ಕೃಷ್ಣ ಅಂದ್ರೆ ಕಪ್ಪು ಅಂತ ನೀವೇ ಹೇಳಿದ್ರಿ. ಅವನಿಗೆ ಮಾತ್ರ ನೀಲಿ ಬಣ್ಣ ಹಾಕವ್ರೆ" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ನಾನು ಪ್ರಾಣದಂತೆ ಕಾಪಾಡಿಕೊಂಡು ಬಂದ ಪುಸ್ತಕಗಳು ಅವು. ರಾತ್ರಿ ಮತ್ತೆ ತೆಗೆದು ಒಂದೊಂದಾಗಿ ನೋಡಿದೆ. ಒಳ್ಳೆಯವರು ಬೆಳ್ಳಗೆ, ಕೆಟ್ಟವರು ಕಪ್ಪಗೆ, ಪುಟದ ಮೇಲೆ ಪುಟ. ಮುಂದಿನ ವಾರ ಅವಳಿಗೆ ಅದನ್ನೇ ಹೇಳಿದೆ: ನೀನು ಹೇಳಿದ್ದು ಸರಿ, ನನಗೆ ಕಂಡಿರಲಿಲ್ಲ. ಆ ಪುಸ್ತಕಗಳ ಮೇಲಿನ ಪ್ರೀತಿ ಹೋಗಲಿಲ್ಲ. ಆದರೆ ಅವಳ ಪ್ರಶ್ನೆ ನೆನಪಾಗದೆ ಈಗಲೂ ಅವನ್ನು ತೆರೆಯಲಾರೆ.

ದೊಡ್ಡವರ ಚಿತ್ರ ಕಾದಂಬರಿಗಳು ನನ್ನ ಕೈಗೆ ಬಂದದ್ದು ತಡವಾಗಿ, ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ನಿಂತೇ ಅರ್ಧ ಓದಿದ್ದೇನೆ. ಹಿಟ್ಲರನ ಕ್ರೌರ್ಯದಿಂದ ಪಾರಾಗಿ ಬಂದ ತನ್ನ ತಂದೆಯ ಕತೆಯನ್ನು ಯಹೂದಿಗಳೆಲ್ಲ ಇಲಿ, ನಾಜಿಗಳೆಲ್ಲ ಬೆಕ್ಕು ಎಂಬಂತೆ ಬರೆದ ಆರ್ಟ್ ಸ್ಪೀಗಲ್‌ಮನ್‌ನ 'ಮೌಸ್'ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಮಕ್ಕಳೇ, ಅದಕ್ಕೆ ನೀವು ಇನ್ನೂ ಸ್ವಲ್ಪ ದೊಡ್ಡವರಾಗಬೇಕು. ಆದರೆ ನನ್ನನ್ನು ಅಲ್ಲಾಡಿಸಿದ್ದು ಬೇರೊಂದು ಪುಸ್ತಕ. ಆಸ್ಟ್ರೇಲಿಯಾದ ಶಾನ್ ಟಾನ್ ಬರೆದ 'ದಿ ಅರೈವಲ್', 2006ರದು. ಹೆಂಡತಿ ಮಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ದೂರದ ದೇಶಕ್ಕೆ ಹೋಗುವ ಒಬ್ಬ ಮನುಷ್ಯನ ಕತೆ. ಒಳಗೆ ಕತೆ ಹೇಳುವ ಒಂದು ಮಾತೂ ಇಲ್ಲ, ಬರೀ ಚಿತ್ರ. ಆ ಹೊಸ ಊರಿನ ಬೋರ್ಡುಗಳಲ್ಲಿ, ಕಾಗದಗಳಲ್ಲಿ ಅಕ್ಷರಗಳಿವೆ. ಆದರೆ ಅವು ಯಾವ ಭಾಷೆಯವೂ ಅಲ್ಲ, ಚಿತ್ರಕಾರ ತಾನೇ ಕಲ್ಪಿಸಿದವು. ಅಂದರೆ ಅವನಿಗೂ ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಎಂ.ಎ. ಆದವನಿಗೂ ಬರುವುದಿಲ್ಲ.

ಒಂದು ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ. ಎಲ್ಲೆಲ್ಲೂ ಅಕ್ಷರ, ಒಂದೂ ಬಾಯಿ ಬಿಡದು. ನನ್ನ ಕಪ್ಪು ಹಲಗೆಯ ಎದುರು ಪುಸ್ತಕ ಮುಖಕ್ಕೆ ಹಿಡಿದು ನಿಂತಿದ್ದ ಹುಡುಗ ನೆನಪಾದ. ಕ್ಷೌರದ ಅಂಗಡಿಯ ಬೆಂಚೂ ನೆನಪಾಯಿತು. ಇಂಗ್ಲಿಷು ಬಾರದೆ ಫ್ಯಾಂಟಮ್ ಓದಿದವನು ನಾನೇ ಅಲ್ಲವೇ? ಅದನ್ನು ಹೇಗೆ ಮರೆತೆ?

ಇನ್ನು ಅಜ್ಜಿಯ ಪ್ರಶ್ನೆ. ಅಮ್ಮಾ, ಬಿಡಿಸುವ ಉಪಾಯ ನನಗೆ ತಿಳಿಯದು. ಒಂದು ಕೆಲಸ ಮಾಡಿ. ಈ ಸಲ ಪುಸ್ತಕ ಕಿತ್ತುಕೊಳ್ಳಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಮಾತಿನ ಗುಳ್ಳೆಗಳ ಮೇಲೆ ನಿಮ್ಮ ಬೆರಳಿಟ್ಟು ಮುಚ್ಚಿ, "ಇವನು ಏನು ಹೇಳ್ತಿದಾನೋ?" ಎಂದು ಕೇಳಿ. ಆಮೇಲೆ ಬೆರಳು ತೆಗೆಯಿರಿ. ಎಷ್ಟೋ ಸಲ ಮಗು ಹೇಳಿದ್ದೇ ಅಚ್ಚಾದದ್ದಕ್ಕಿಂತ ಚೆನ್ನಾಗಿರುತ್ತದೆ. ನಿಮ್ಮ ಬಳಿ ಹಳೆಯ ಚಂದಮಾಮ ಇದ್ದರೆ ಹೊರತೆಗೆಯಿರಿ. ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರವನ್ನು ಶಂಕರ್ ಹೇಗೆ ಬರೆಯುತ್ತಿದ್ದರೆಂದು ಅವನಿಗೆ ತೋರಿಸಿ. ಮೊಮ್ಮಗನೇ, ನಿನಗೂ ಒಂದು ಕೆಲಸ. ಟಿಂಕಲ್‌ನ ಶಿಕಾರಿ ಶಂಭುವಿನ ಕಣ್ಣು ಎಂದಾದರೂ ನೋಡಿದ್ದೀಯಾ? ಟೋಪಿ ಯಾವಾಗಲೂ ಮುಚ್ಚಿರುತ್ತದೆ. ಕಣ್ಣೇ ಕಾಣದಿದ್ದರೂ ಅವನು ಹೆದರಿದ್ದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಹುಡುಕಿ, ಅಜ್ಜಿಗೆ ಹೇಳು.

ಆ ಹುಡುಗನದು ಇನ್ನೊಂದಿಷ್ಟು ಉಳಿಯಿತು. ಅವನು ರಾತ್ರೋರಾತ್ರಿ ಓದುಗನೇನೂ ಆಗಲಿಲ್ಲ. ಪರೀಕ್ಷೆಯಲ್ಲಿ ಕಷ್ಟಪಟ್ಟೇ ಪಾಸಾದ. ಆದರೆ ಮುಂದಿನ ಸಾಲಿಗೆ ಬಂದ. ಕಾರಣ ಆ ಸೈನಿಕ. ಅವನಿಗೆ ಚಿತ್ರದಲ್ಲಿ ಮಾತಿನ ಗುಳ್ಳೆ ಇರಲಿಲ್ಲ. ದಾರಿ ಬಿಡುವವನು ಏನಾದರೂ ಹೇಳಬೇಕಲ್ಲ ಎಂಬ ಯೋಚನೆ ಹುಡುಗನಿಗೆ ಹತ್ತಿತು. ಹೇಳಿಸಬೇಕಾದರೆ ಬರೆಯಬೇಕು. ಯಾವ ಅಕ್ಷರಕ್ಕೆ ಯಾವ ಕೊಂಬು, ಯಾವ ದೀರ್ಘ ಎಂದು ಮೂರು ನಾಲ್ಕು ದಿನ ಬಂದು ಕೇಳಿದ. ಏನು ಬರೆಯುತ್ತಿದ್ದಾನೆಂದು ಹೇಳಲಿಲ್ಲ.

ಒಂದು ಸಂಜೆ ಪುಸ್ತಕ ತಂದು ಮೇಜಿನ ಮೇಲಿಟ್ಟ. ಬಲಗಡೆ ಅಂಚಿನ ಸೈನಿಕನ ಬಾಯಿಯ ಹತ್ತಿರ ಪೆನ್ಸಿಲಿನಲ್ಲಿ ಸೊಟ್ಟಗೆ ಒಂದು ಗುಳ್ಳೆ. ಅದರೊಳಗೆ ಎರಡೇ ಅಕ್ಷರ: "ಓಗು".

"ತಾತಂಗೆ ಓದಿ ಹೇಳಿದ್ಯಾ?" ಎಂದೆ.

"ಊ ಸಾ. ಇನ್ನೊಂದ್ಸಲ ಓದು ಅಂದ್ರು."

ನಾನು ಕನ್ನಡ ಮೇಷ್ಟ್ರು. ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ತೆಗೆಯಲಿಲ್ಲ.